ಕೊಡ ಕಾಣದ ಮನೆಯ ಹುಡುಕಾಟ

ಬೆಳಗಿನ ಐದೂವರೆ. ದಾವಣಗೆರೆಯ ಆನೆಕೊಂಡದ ಓಣಿಯೊಂದರಲ್ಲಿ ನಳಕ್ಕೆ ನೀರು ಬಂದಿದೆ. ಪ್ಲಾಸ್ಟಿಕ್ ಕೊಡಗಳ ಸಾಲು ಮೂಲೆ ದಾಟಿದೆ, ಜಗಳವೂ ಆಗಲೇ ಶುರುವಾಗಿದೆ. ಈ ಗದ್ದಲದ ನಡುವೆ ಕಂಕುಳಲ್ಲಿ ರಟ್ಟಿನ ಫೈಲು ಇರುಕಿಕೊಂಡು ಓಡಾಡುವ ಹೆಂಗಸೊಬ್ಬರ ಕೈಯಲ್ಲಿ ಮಾತ್ರ ಕೊಡವಿಲ್ಲ.

"ಕಮಲಕ್ಕ, ಆಮೇಲೆ ತುಂಬೀರಂತೆ, ಮೊದ್ಲು ಚೀಟಿ ತಗೊಳ್ರಿ. ಬಾತಿಯಿಂದ ಬಂದ ನಿಮ್ಮ ಸೊಸೇದೂ ಐತೆ."

ಇವರು ಪುಷ್ಪಲತಾ, ನಲವತ್ತಾರು ವರ್ಷ. ಅಂಗನವಾಡಿ ಕಾರ್ಯಕರ್ತೆ. ಹನ್ನೊಂದು ವರ್ಷದಿಂದ ಈ ಭಾಗದ ಮತಗಟ್ಟೆ ಮಟ್ಟದ ಅಧಿಕಾರಿಯೂ ಹೌದು. ಹೆಸರಿಗೆ ಅಧಿಕಾರಿ, ಕುರ್ಚಿಯನ್ನಂತೂ ಯಾರೂ ಕೊಟ್ಟಿಲ್ಲ. 318 ಮನೆ, 1,142 ಮತದಾರರು ಅವರ ಪಾಲಿಗೆ. ಪಾಲಿಕೆ ಚುನಾವಣೆಗೆ ಇನ್ನು ಎಂಟೇ ದಿನ. ದಿನಕ್ಕೆ ನಲವತ್ತು ಮನೆಯ ಮತದಾರರ ಚೀಟಿ ಹಂಚಿ, ಹತ್ತು ಗಂಟೆಗೆ ಇಪ್ಪತ್ತಾರು ಮಕ್ಕಳ ಮುಂದೆ ಹಾಜರಾಗಬೇಕು.

"ಹಗಲು ಬಂದ್ರೆ ಎಲ್ಲಾ ಕೂಲಿಗೆ ಹೋಗಿರ್ತಾರ್ರಿ, ಬೀಗ ನೋಡ್ಕೊಂಡು ವಾಪಸ್ ಹೋಗ್ಬೇಕು. ನೀರು ಬಂದಾಗ ಮಾತ್ರ ಇಡೀ ಓಣಿ ಹೊರಗಿರ್ತೈತೆ" ಎನ್ನುತ್ತಾರೆ. ಯಾರ ಕೊಡ ಯಾವುದು ಎಂಬುದೂ ಅವರಿಗೆ ಬಾಯಿಪಾಠ. ಹಸಿರು ಕೊಡಕ್ಕೆ ಕೆಂಪು ಬಟ್ಟೆ ಕಟ್ಟಿದ್ದರೆ ಅದು ಅಂಜಿನವ್ವನದು.

ಆ ಬಾಯಿಪಾಠವೇ ಒಮ್ಮೆ ಅವರಿಗೆ ಕೈ ಕೊಟ್ಟಿತು. ಹಿಂದಿನ ಪಾಲಿಕೆ ಚುನಾವಣೆಗೆ ಮುನ್ನ ಅಂಜಿನವ್ವನ ಕೊಡ ಎರಡು ತಿಂಗಳು ಸಾಲಿನಲ್ಲಿ ಕಾಣಲಿಲ್ಲ, ಮನೆಗೆ ಬೀಗ. ಪುಷ್ಪಲತಾ ಬಾಗಿಲಿಗೆ ನೋಟಿಸ್ ಅಂಟಿಸಿ, 'ಊರು ಬಿಟ್ಟಿದ್ದಾರೆ' ಎಂದು ಬರೆದು ಕಳಿಸಿದರು. ಮುದುಕಿ ಹೋಗಿದ್ದು ಹರಿಹರಕ್ಕೆ, ಮಗಳ ಬಾಣಂತನಕ್ಕೆ. ಮತದಾನದ ದಿನ ಮೊದಲ ಬಸ್ಸು ಹಿಡಿದು ಬಂದು ನಿಂತರೆ ಪಟ್ಟಿಯಲ್ಲಿ ಹೆಸರೇ ಇಲ್ಲ.

"ನನ್ನ ಒಂದು ಮಾತೂ ಬೈಲಿಲ್ರಿ ಆಯಮ್ಮ. ಸುಮ್ನೆ ವಾಪಸ್ ಹೋದ್ಲು. ಬೈದಿದ್ರೆ ಹಗುರಾಗ್ತಿತ್ತು" ಎನ್ನುವಾಗ ಪುಷ್ಪಲತಾ ನಳದ ಕಡೆ ಮುಖ ತಿರುಗಿಸುತ್ತಾರೆ.

ಮರುವಾರವೇ ಅರ್ಜಿ ತುಂಬಿಸಿ ಹೆಸರು ಮತ್ತೆ ಸೇರಿಸಿದ್ದೇನೋ ನಿಜ. ಆದರೆ ಪಾಲಿಕೆ ಚುನಾವಣೆ ಮತ್ತೆ ಬರುವುದು ಐದು ವರ್ಷಕ್ಕೆ. ಅಷ್ಟು ವರ್ಷವೂ ನೀರು ಬಾರದ ದಿನ ಕಾರ್ಪೊರೇಟರ್ ಮನೆ ಮುಂದೆ ಓಣಿಯ ಹೆಂಗಸರು ಕೂಗಾಡಿದರೆ, ಎಲ್ಲರಿಗಿಂತ ದೊಡ್ಡ ಗಂಟಲಿನ ಅಂಜಿನವ್ವ ಹಿಂದೆ ನಿಂತಿರುತ್ತಿದ್ದಳು. ಓಟು ಹಾಕದವಳಿಗೆ ಬೈಯುವ ಹಕ್ಕಿಲ್ಲ ಎಂಬುದು ಅವಳ ಲೆಕ್ಕ.

ಅಂದಿನಿಂದ ಪುಷ್ಪಲತಾ ಕೊಡ ಕಾಣದ ಮನೆಯವರನ್ನು ಹುಡುಕಿಕೊಂಡು ಹೋಗುತ್ತಾರೆ. ಈ ಸಲ ಪಟ್ಟಿ ತಿದ್ದುವಾಗ ಅಂಥ ಹದಿನೇಳು ಮನೆಗಳಿದ್ದವು. ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆಗೆಲಸಕ್ಕೆ ಉಳಿದಿದ್ದ ಇಬ್ಬರು ಸಿಕ್ಕರು. ಕೆಂಪು ಬಟ್ಟೆಯ ಕೊಡವೂ ಮತ್ತೆ ಮಾಯವಾಗಿತ್ತು. ಭಾನುವಾರದ ರಜೆಯನ್ನು ಬದಿಗಿಟ್ಟು ಹರಿಹರದ ಬಸ್ಸು ಹತ್ತಿದರು. ಮಗಳ ಎರಡನೇ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದ ಅಂಜಿನವ್ವ, ಊರು ಬಿಟ್ಟಿಲ್ಲವೆಂಬ ಫಾರಂಗೆ ಎಣ್ಣೆಗೈಯಲ್ಲೇ ಹೆಬ್ಬೆಟ್ಟು ಒತ್ತಲು ಬಂದಳಂತೆ. "ಕೈ ತೊಳ್ಕಾ ಯವ್ವಾ, ಫಾರಂ ಕೆಡ್ತೈತೆ ಅಂದೆ" ಎಂದು ಪುಷ್ಪಲತಾ ನಗುತ್ತಾರೆ.

ಇಡೀ ನಗರ ಯಾರು ಗೆಲ್ಲುತ್ತಾರೆಂದು ಬಾಜಿ ಕಟ್ಟುತ್ತಿದೆ. ಇವರ ಆಸೆ ಬೇರೆ. "ಯಾರಾದ್ರೂ ಗೆಲ್ಲಲಿ ಬಿಡ್ರಿ. ಹೆಸರಿಲ್ಲ ಅಂತ ನಮ್ಮ ಓಣಿಯೋರು ಒಬ್ರೂ ಬಾಗಿಲಿಂದ ವಾಪಸ್ ಬರಬಾರ್ದು, ಅಷ್ಟೇ." ಇಂಥವರನ್ನು ಕಂಡಾಗ ಚುನಾವಣೆಯ ಮೇಲೆ ನನಗಿದ್ದ ಬೇಸರ ಅರ್ಧ ಇಳಿಯಿತು. ಇವರು ನಮ್ಮೂರಿನವರು ಎಂಬ ಹೆಮ್ಮೆಯೂ ಆಯಿತು.

ನೀರು ನಿಲ್ಲುವ ಹೊತ್ತಾಗುತ್ತಿದೆ. ಸಾಲಿನ ತುದಿಗೆ ಕೆಂಪು ಬಟ್ಟೆಯ ಕೊಡವೊಂದು ಬಂದು ಕೂರುತ್ತದೆ. ನಿನ್ನೆಯಷ್ಟೇ ಹರಿಹರದಿಂದ ಬಂದಿರುವ ಅಂಜಿನವ್ವ ಚೀಟಿಯನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾಳೆ. ಓದಲು ಬಾರದು, "ನಂದೇನಾ?" ಎಂದು ಎರಡು ಸಲ ಕೇಳುತ್ತಾಳೆ. ಅಷ್ಟರಲ್ಲಿ ನಳದ ನೀರು ಸಣ್ಣಗಾಗಿ ನಿಂತೇಬಿಡುತ್ತದೆ. ಮುದುಕಿ ಖಾಲಿ ಕೊಡ ನೋಡುತ್ತಾಳೆ, ಚೀಟಿ ನೋಡುತ್ತಾಳೆ, ಸೆರಗು ಸಿಕ್ಕಿಸುತ್ತಾಳೆ.

ಪುಷ್ಪಲತಾ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತ ಹೇಳುತ್ತಾರೆ: "ಓಟು ಹಾಕಿ ಬಂದು ಬೈಯವ್ವಾ, ಚೆಂದಾಗಿ ಬೈ. ನಿನ್ನ ಹೆಸರು ಐತೆ."