ಆಯಮ್ಮ ಮಾಡಿದ ಬಾಣಂತನ

ಆಯಮ್ಮನ ನೆತ್ತಿಯ ಮೇಲೆ ಅಡ್ಡಡ್ಡಲಾಗಿ ಕೂದಲಿಲ್ಲದ ಒಂದು ಗೆರೆಯಿತ್ತು. ಸಿಲೋನಿನ ಟೀ ತೋಟದಲ್ಲಿ ಬುಟ್ಟಿಯ ಹಗ್ಗವನ್ನು ತಲೆಗೆ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಎಲೆ ಕಿತ್ತ ಗುರುತು ಅದು. ಅವಳು ಹುಟ್ಟಿದ್ದೇ ಅಲ್ಲಿ. ಆದರೂ, ಹಿರಿಯರು ಈ ಕಡೆಯಿಂದ ಹೋದವರೆಂದು, "ನಿಮ್ಮ ದೇಶಕ್ಕೆ ಹೋಗಿ" ಎಂದು ಅಲ್ಲಿನ ಸರ್ಕಾರದವರು ಹಡಗು ಹತ್ತಿಸಿದರು. ಒಬ್ಬಳೇ ಮಗಳು ಆ ದೇಶದ ಪೌರತ್ವ ಸಿಕ್ಕಿ ಆಚೆಗೇ ಉಳಿದಳು. ತಾಯಿ ಅಲೆದು ಅಲೆದು, ಸಕಲೇಶಪುರದ ಹತ್ತಿರ ನಮ್ಮಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಫಿ ಎಸ್ಟೇಟಿಗೆ ಬಂದು, ಆಳುಗಳ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆದಳು.

"ಆ ದೇಶ ನೀನು ನಮ್ಮೋಳಲ್ಲ ಅಂತು, ಈ ದೇಶ ಎಲ್ಲಿಂದ ಬಂದೆ ಅಂತು. ಸಮುದ್ರದ ಮಧ್ಯ ಗುಡ್ಸಲು ಹಾಕ್ಲೇನವ್ವ?" ಎಂದು ನಗುತ್ತಿದ್ದಳು. ತಾಯಿಯಿಲ್ಲದ ನನ್ನ ಬಾಣಂತನ ಮಾಡಿದವಳು ಅವಳೇ. ಬೆನ್ನಿಗೆ ಸುಡುನೀರು ಹುಯ್ಯುವಾಗ ನಾನು ಕಿರುಚಿದರೆ, "ಸುಮ್ಕಿರು, ನನ್ ಮಗಳಾಗಿದ್ರೆ ಹಿಂಗ್ ಕಿರುಚ್ತಿರ್ಲಿಲ್ಲ" ಎನ್ನುವಳು. ಆ ಮಗಳ ಬಾಣಂತನ ಮಾಡುವ ಭಾಗ್ಯ ಅವಳಿಗೆ ಬರಲೇ ಇಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಅಸ್ಸಾಮಿನವರು ಕಾಫಿ ಕೊಯ್ಲಿಗೆ ಬರತೊಡಗಿದರು. ಬರತೊಡಗಿದರು ಎನ್ನುವುದೇಕೆ, ನಮ್ಮವರೇ ಜೀಪು ತೆಗೆದುಕೊಂಡು ಹಾಸನದವರೆಗೆ ಹೋಗಿ, ಕಾಡಿ ಬೇಡಿ ಕರೆತಂದರು. ಕೊಯ್ಲು ಮುಗಿದದ್ದೇ ತಡ, ಅವರೆಲ್ಲ ಗಡಿ ದಾಟಿ ಬಂದ ಕಳ್ಳರಾದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಒಂದು ಬೆಳಿಗ್ಗೆ ಊರಿನವರು ಗುಂಪಾಗಿ ಆಳುಗಳ ಲೈನ್ ಮನೆಗಳಿಗೆ ಬಂದು ಆ ಅಸ್ಸಾಮಿನವರನ್ನೆಲ್ಲ ಜೀಪಿಗೆ ತುಂಬತೊಡಗಿದರು. ಕೊನೆಯ ಮನೆಯಲ್ಲಿ ಒಬ್ಬ ಹುಡುಗಿ ಹೆತ್ತು ವಾರವಾಗಿತ್ತು. ಆಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇವ್ಳು ನನ್ ಮಗಳು. ಬಾಣಂತನಕ್ಕೆ ಬಂದವ್ಳೆ. ಹಸಿ ಬಾಣಂತೀನ ತೌರುಮನೆಯಿಂದ ಹೊರಗೆ ಹಾಕೋ ಗಂಡ್ಸು ಯಾರಿದ್ದೀರಿ, ಮುಂದಕ್ಕೆ ಬನ್ನಿ!"

ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಮಾತು ಮೀರಿ ಹೊಸಿಲು ದಾಟುವ ಧೈರ್ಯ ಒಬ್ಬರಿಗೂ ಬರಲಿಲ್ಲ.

"ಆಯ್ತು ಮಾರಾಯ್ತಿ, ಅವ್ಳಿರ್ಲಿ. ಗಂಡ ಹೋಗ್ಲಿ" ಎಂದರು ಊರಿನ ಯಜಮಾನರು. ಮಗುವಿನ ಮುಖ ನೋಡಲು ಹುಡುಗಿಯ ಗಂಡ ತಿರುಗುವಷ್ಟರಲ್ಲಿ ಜೀಪು ಹೊರಟುಬಿಟ್ಟಿತು.

ನನಗೆ ಹುಯ್ದ ಹಾಗೆಯೇ ಆ ಹುಡುಗಿಗೂ ಆಯಮ್ಮ ಮೂರು ತಿಂಗಳು ಎಣ್ಣೆ ನೀರು ಹಾಕಿದಳು. ಹುಡುಗಿ ಕಿರುಚುತ್ತಿರಲಿಲ್ಲ, ಸುಮ್ಮನೆ ರಸ್ತೆ ನೋಡುತ್ತಿದ್ದಳು. ಮೈಗೆ ಬಲ ಬಂದದ್ದೇ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗಂಡನನ್ನು ಹುಡುಕಲು ಹೊರಟಳು. ಆಯಮ್ಮ ಕೈ ಹಿಡಿದು ಬೇಡಿದಳು, ಬೈದಳು, ರಸ್ತೆಯ ಮಣ್ಣಿನಲ್ಲಿ ಕೂತು ಅತ್ತಳು.

"ಊರ್ನೋರು ಹೋಗು ಅಂದಾಗ ಉಳಿಸ್ಕಂಡೆ. ಅವ್ಳೇ ಹೋಯ್ತೀನಿ ಅಂದ್ರೆ ಏನ್ ಮಾಡ್ಲವ್ವ?" ಎಂದು ನನ್ನನ್ನು ಕೇಳಿದಳು. ಗಂಡ ಸಿಕ್ಕಿದನೋ, ಆ ತಾಯಿ ಮಗು ಉಳಿದರೋ, ಯಾರಿಗೂ ತಿಳಿಯಲಿಲ್ಲ.

ಆಯಮ್ಮ ಆಮೇಲೆ ಸರಿಯಾಗಿ ಉಣ್ಣಲಿಲ್ಲ. ಹಾಸಿಗೆ ಹಿಡಿದವಳು ಏಳಲೂ ಇಲ್ಲ. ಕೊನೆಯ ದಿನ ಬಾಯಿಗೆ ನೀರು ಬಿಡಲು ಬಗ್ಗಿ, "ನಾನೂ ನಿನ್ನ ಮಗಳೇ ಅಲ್ವಾ ಆಯಮ್ಮ, ಕುಡಿ" ಎಂದೆ.

ಅವಳು ಕಣ್ಣು ತೆರೆದು ನನ್ನನ್ನು ಗುರುತು ಹಿಡಿದಳು. ಲೋಟ ಹಿಡಿದ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ಅಲ್ಲ ಕಣವ್ವ. ನಿಂಗೆ ಊರೈತೆ."