ನನ್ನ ಅನ್ನನಾಳದಲ್ಲಿ ಮದ್ದು ಇರಲಿಲ್ಲ

ಮೊದಲು ನಿಂತದ್ದು ಜೋಳದ ರೊಟ್ಟಿಯ ಒಂದು ತುತ್ತು. ಎದೆಯ ನಡುವೆ ಬಂದು ನಿಂತಿತು. ನೀರು ಕುಡಿದೆ. ನೀರೂ ಅದರ ಮೇಲೆಯೇ ನಿಂತಿತು. ಸ್ವಲ್ಪ ಹೊತ್ತಿಗೆ ಎರಡೂ ಮೂಗು ಬಾಯಿಂದ ಹೊರಗೆ ಬಂದವು.

ವರ್ಷದೊಳಗೆ ಗಂಜಿಗೆ ಇಳಿದೆ. ಮಲಗಿದರೆ ಕುಡಿದದ್ದು ಗಂಟಲಿಗೆ ಬರುತ್ತಿತ್ತು. ಗೋಡೆಗೆ ಒರಗಿ ಕುಳಿತೇ ನಿದ್ದೆ. ಗುಳಿಗೆಗಳಿಂದ ಏನೂ ಆಗಲಿಲ್ಲ. ಆಗ ಯಾರೋ ಕಿವಿಯಲ್ಲಿ ಹೇಳಿದರು: ನಿನಗೆ ಮದ್ದು ಹಾಕಿದ್ದಾರೆ.

ಆಗದವರು ಊಟದಲ್ಲಿ ಏನೋ ಬೆರೆಸಿ ಉಣಿಸುತ್ತಾರೆ, ಅದು ಒಳಗೇ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಹೈಸ್ಕೂಲು ಮುಗಿಸಿದವನು. ಆದರೂ ಕಲ್ಹೇರ್ ಹತ್ತಿರ ಮದ್ದು ತೆಗೆಯುವವನೊಬ್ಬನ ಮುಂದೆ ಹೋಗಿ ಕುಳಿತೆ. ಯಾವುದೋ ಸೊಪ್ಪಿನ ರಸ ಕುಡಿಸಿದ. ವಾಂತಿಯಾಯಿತು. ಬೋಗುಣಿಯಲ್ಲಿ ಕೈಯಾಡಿಸಿ ಉಣ್ಣೆಯ ಒಂದು ಉಂಡೆ ಎತ್ತಿ ತೋರಿಸಿದ.

"ಮನ್ಯಾಗಿನ ಹೆಣ್ಣಿನ ಕೈಲಿಂದ ಬಂದದ್ದದ," ಅಂದ.

ನಮ್ಮದು ಕುರಿ ಸಾಕುವ ಮನೆ. ಉಣ್ಣೆ ನೂಲುತ್ತಿದ್ದವಳು ಒಬ್ಬಳೇ, ತೀರಿಹೋದ ನನ್ನ ಅಣ್ಣನ ಹೆಂಡತಿ, ವೈನಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು.

ಅಂಗಳದಲ್ಲಿ ಹತ್ತು ಜನರ ಎದುರು ಕೇಳಿದೆ. "ನನ್ನ ಊಟದಾಗ ಏನ್ ಹಾಕ್ದಿ ಹೇಳು."

ಕೈಯಲ್ಲಿದ್ದ ಕದಿರನ್ನು ಅವಳು ಕೆಳಗಿಟ್ಟಳು. "ತೊಡಿ ಮ್ಯಾಲ ಕುಂದ್ರಿಸ್ಕೊಂಡು ಉಣಿಸೀನೋ ಬೀರಪ್ಪಾ. ಹಾಕೂದಿದ್ರ ಅವತ್ತೇ ಹಾಕ್ತಿದ್ದೆ."

ಅಂದೇ ಸಿರ್ಗಾಪುರಕ್ಕೆ, ತಮ್ಮನ ಮನೆಗೆ ಹೊರಟುಹೋದಳು. ನಾನು ತಡೆಯಲಿಲ್ಲ.

ವಾಂತಿಯ ನಂತರ ನಾಲ್ಕು ದಿನ ಹಗುರವಾಗಿತ್ತು. ಅದನ್ನೇ ಸಾಕ್ಷಿ ಎಂದುಕೊಂಡೆ. ಐದನೆಯ ದಿನ ಗಂಜಿ ಮತ್ತೆ ನಿಂತಿತು. ಹೀಗೇ ತಿಂಗಳುಗಳು ಹೋದವು. ಕೊನೆಗೆ ನನ್ನ ಹೆಂಡತಿ ಕಾಶಮ್ಮನೇ ಗಂಟು ಕಟ್ಟಿದಳು.

"ನಡೀರಿ ಹೈದರಾಬಾದಿಗಿ. ಇನ್ನೊಂದೀಟು ಒಣಗಿದ್ರ ಬಸ್ಸೂ ಬ್ಯಾಡ, ಗಾಳಿಗೇ ಹಾರ್ಕೋತ ಹೋಗಿ ಬೀಳ್ತೀರಿ."

ದೊಡ್ಡಾಸ್ಪತ್ರೆಯಲ್ಲಿ ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆದರು. ಮರುದಿನ ಬರಿ ಹೊಟ್ಟೆಯಲ್ಲಿ ಮ್ಯಾನೋಮೆಟ್ರಿ ಎಂಬ ಪರೀಕ್ಷೆ. ನುಂಗುವಾಗ ಅನ್ನನಾಳ ಹೇಗೆ ಕೆಲಸ ಮಾಡುತ್ತದೆ ಎಂದು ಅಳೆಯುವುದು. ಮೂಗಿನಿಂದ ಸಣ್ಣ ಟ್ಯೂಬ್ ಇಳಿಸಿದರು. ಕಣ್ಣಲ್ಲಿ ನೀರು. ಓಕರಿಕೆ. ಮಗಳ ವಯಸ್ಸಿನ ಡಾಕ್ಟರಮ್ಮ ನನ್ನ ಬಾಯಿಗೆ ಒಂದು ಗುಟುಕು ನೀರು ಬಿಟ್ಟಳು.

"ಮೈ ಬೋಲೀ ತೋ ನಿಗಲ್ನಾ, ಚಾಚಾ."

ಅವಳು ಹೇಳಿದಾಗ ನುಂಗಬೇಕು. ಹೇಳದಿದ್ದರೆ ಉಗುಳನ್ನೂ ನುಂಗಬಾರದು. ಪಕ್ಕದ ಯಂತ್ರದಲ್ಲಿ ಕಾಗದ ಸರಿಯುತ್ತಿತ್ತು, ಅದರ ಮೇಲೆ ಮುಳ್ಳುಗಳು ಗೆರೆ ಎಳೆಯುತ್ತಿದ್ದವು. ಹತ್ತು ಸಲ ನುಂಗಿದೆ. ಆರೋಗ್ಯವಂತರಲ್ಲಿ ನಾಳ ಮೇಲಿನಿಂದ ಹಿಂಡುತ್ತಾ ಬರುತ್ತದಂತೆ, ತಳದ ಬಾಗಿಲು ಸಡಿಲವಾಗುತ್ತದಂತೆ. ನನ್ನದು ಹಿಂಡಲಿಲ್ಲ. ಬಾಗಿಲೂ ಸಡಿಲವಾಗಲಿಲ್ಲ.

ಯಾರಾದರೂ ಊಟದಲ್ಲಿ ಏನಾದರೂ ಹಾಕಿದರೆ ಹೀಗಾಗುತ್ತದೆಯೇ ಎಂದು ಉರ್ದುವಿನಲ್ಲಿ ಕೇಳಿದೆ. ಅವಳು ನಗಲಿಲ್ಲ.

"ಖಿಲಾನೇ ವಾಲೇ ಕಾ ಕ್ಯಾ ಕಸೂರ್, ಚಾಚಾ? ನಸಾಂ ಕಮ್ಜೋರ್ ಹೋ ಗಯೇ."

ಉಣಿಸಿದವರ ತಪ್ಪೇನು? ನರಗಳು ಸೋತಿವೆ, ಅಷ್ಟೇ.

ಇಲ್ಲಿ ಇನ್ನೊಂದು ಮಾತು ಬರೆಯಲೇಬೇಕು. ಬೋಗುಣಿಯಿಂದ ಎತ್ತಿದ ಆ ಉಣ್ಣೆಯ ಉಂಡೆಯನ್ನು ಅಂದೇ ಬೆರಳಲ್ಲಿ ಬಿಡಿಸಿ ನೋಡಿದ್ದೆ, ಒಳಗೆ ಒಣಗಿಯೇ ಇತ್ತು. ಹುಟ್ಟಿದಾಗಿನಿಂದ ಉಣ್ಣೆ ಮುಟ್ಟಿದವನು ನಾನು. ಹೊಟ್ಟೆಯಲ್ಲಿ ವರ್ಷಗಟ್ಟಲೆ ನೆನೆದದ್ದು ಹಾಗಿರುವುದಿಲ್ಲ ಎಂದು ಆ ಕ್ಷಣವೇ ನನಗೆ ತಿಳಿಯಿತು. ತಿಳಿದೂ ಸುಮ್ಮನಾದೆ. ಸಾಯುತ್ತೇನೆಂಬ ಭಯದಲ್ಲಿ ದೂರಲು ಒಬ್ಬರು ಬೇಕಾಗಿದ್ದರು, ವೈನಿ ಹತ್ತಿರದಲ್ಲಿದ್ದಳು.

ಆಸ್ಪತ್ರೆಯಲ್ಲಿ ಅನ್ನನಾಳದ ತಳದ ಆ ಬಾಗಿಲನ್ನು ಬಲೂನ್ ಹಾಕಿ ಹಿಗ್ಗಿಸಿದರು. ಒಂದು ವಾರಕ್ಕೆ ಮೆತ್ತನೆಯ ಅನ್ನ ಇಳಿಯಿತು. ಮತ್ತೆ ಬಿಗಿಯಬಹುದು, ಆಗ ಬರಬೇಕು ಎಂದರು.

ಹೋದ ವಾರ ಸಿರ್ಗಾಪುರಕ್ಕೆ ಹೋದೆ. ವೈನಿ ಹೊಸ್ತಿಲ ಹತ್ತಿರ ಕುಳಿತಿದ್ದಳು. ಪರೀಕ್ಷೆಯ ಸಂಗತಿ ಹೇಳಿದೆ. ಒಣ ಉಣ್ಣೆಯ ಸಂಗತಿಯನ್ನೂ ಹೇಳಿದೆ. ಕಾಲಿಗೆ ಬಿದ್ದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಊರಾಗ ಹೇಳಿದಿ?"

"ಅಂಗಳದಾಗ ಎಲ್ಲಾರಿಗೂ ಕೂಡ್ಸಿ ಹೇಳೀನಿ, ವೈನಿ. ಮನಿಗಿ ಬಾ."

"ಬರಾಕಿಲ್ಲ. ಈಗ ನುಂಗಾಕ ಬರ್ತದ?"

"ಮೆತ್ತಗಿದ್ರ ಬರ್ತದ."

"ಒಳಗ ಗಡಿಗ್ಯಾಗ ಅಂಬಲಿ ಅದ. ನಾ ಹಾಕ್ಕೊಡಾಕಿಲ್ಲ. ನೀ ಅಂದಾಗಿಂದ ನಾ ಯಾರಿಗೂ ಕೈಲಿಂದ ಬಡಿಸಿಲ್ಲ, ನನ್ನ ತಮ್ಮನ ಮಕ್ಕಳಿಗೂ. ನೀನೇ ಹಾಕ್ಕೊಂಡು ಉಣ್ಣು."

ನಾನೇ ಬಡಿಸಿಕೊಂಡೆ. ಅಂಬಲಿ ಇಳಿಯಿತು. ಹೊಸ್ತಿಲ ಆಚೆಯಿಂದ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು, ಬಟ್ಟಲು ಖಾಲಿಯಾಗುವವರೆಗೂ.