ಶೃಂಗೇರಿಯಲ್ಲಿ ನಾನು ಕತ್ತರಿಸಿದ ಐದು ಅಂಕ

ನರಸಿಂಹರಾಜಪುರದಿಂದ ಬೆಳಗಿನ ಏಳರ ಬಸ್ಸು ಹಿಡಿದೆ. ಶೃಂಗೇರಿಯ ಪ್ರೌಢಶಾಲೆಯೊಂದರಲ್ಲಿ ಚರ್ಚಾಸ್ಪರ್ಧೆ. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. ಬ್ಯಾಂಕಿನ ಗುಮಾಸ್ತನನ್ನು ಕರೆಯಲು ಕಾರಣ, ಹುಡುಗನಾಗಿದ್ದಾಗ ಭಾಷಣ ಬಾಯಿಪಾಠ ಒಪ್ಪಿಸಿ ಗೆದ್ದ ಎರಡು ಸ್ಟೀಲ್ ಲೋಟ. ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ. ಪೆನ್ನು ನಿಂತರೆ, ತಿರುವಿನಲ್ಲಿ ವಾಂತಿಯಾದರೆ ಎಂದು ಚಿಂತಿಸಿ ಮೂರು ಪೆನ್ನು, ಒಂದು ನಿಂಬೆಹಣ್ಣು ಇಟ್ಟುಕೊಂಡಿದ್ದೆ. ಕೊಪ್ಪದಲ್ಲಿ ಬಸ್ಸು ಬದಲಿಸುವ ನಡುವೆ ಎರಡು ಇಡ್ಲಿ ತಿಂದೆ. ಮೂರನೆಯದಕ್ಕೆ ಧೈರ್ಯ ಬರಲಿಲ್ಲ. ಶೃಂಗೇರಿ ತಲುಪಿದಾಗ ಹತ್ತಕ್ಕೆ ಇನ್ನೂ ಕಾಲು ಗಂಟೆಯಿತ್ತು, ಒಳ್ಳೆಯ ಬಿಸಿಲಿತ್ತು.

ವಿಷಯ: ಕಾಡಿನ ರಸ್ತೆಗಳಲ್ಲಿ ರಾತ್ರಿ ಸಂಚಾರ ನಿಲ್ಲಿಸಬೇಕೇ? ಮಕ್ಕಳು ಒಬ್ಬರ ಹಿಂದೊಬ್ಬರು ಬಂದು, ಹಿಂದಿನವರ ಮಾತನ್ನು ಕಿವಿಗೂ ಹಾಕಿಕೊಳ್ಳದೆ, ಕಲಿತದ್ದನ್ನು ಒಪ್ಪಿಸಿ ಹೋದರು. ಕೆರೆಕಟ್ಟೆ ಕಡೆಯ, ಒಂಬತ್ತನೇ ತರಗತಿಯ ಪೂರ್ಣಿಮಾ ಮಾತ್ರ ಕೆಳಗೆ ಕೂತು ಏನೋ ಬರೆದುಕೊಳ್ಳುತ್ತಿದ್ದಳು. ಸರದಿ ಬಂದಾಗ ಆ ಚೀಟಿ ನೋಡಿ, "ಈಗ ಮಾತಾಡಿದವರು ಆಂಬುಲೆನ್ಸಿಗೆ ವಿನಾಯಿತಿ ಕೊಟ್ರೆ ಸಾಕು ಅಂದ್ರು. ನಮ್ಮೂರಲ್ಲಿ ಆಂಬುಲೆನ್ಸ್ ಕರೆಯೋಕೆ ನೆಟ್‌ವರ್ಕೇ ಇಲ್ಲ. ಯಾರದ್ದೋ ಜೀಪಲ್ಲಿ ಹೋಗ್ಬೇಕು. ಆ ಜೀಪನ್ನ ಫಾರೆಸ್ಟ್ ಗೇಟಲ್ಲಿ ಬಿಡ್ತಾರಾ?" ಎಂದಳು.

ತೂಕಡಿಸುತ್ತಿದ್ದ ಸಭೆ ತಲೆಯೆತ್ತಿತು. ನಾನು ಅಂಕಪಟ್ಟಿಯತ್ತ ತಲೆ ಬಗ್ಗಿಸಿದೆ. 'ಚೀಟಿ ನೋಡದೆ ಮಾತಾಡುವುದು: ಐದು ಅಂಕ.' ಸೊನ್ನೆ ಹಾಕಿದೆ. ಉಳಿದಿಬ್ಬರು ಪೂರ್ತಿ ಕೊಟ್ಟಿದ್ದರೆಂದು ಅಂಕ ಕೂಡುವಾಗ ತಿಳಿಯಿತು. ಪೂರ್ಣಿಮಾ ಎರಡೇ ಅಂಕ ಹಿಂದೆ ಬಿದ್ದು ಎರಡನೆಯವಳಾದಳು. ಜಿಲ್ಲಾಮಟ್ಟಕ್ಕೆ ಹೋಗುವುದು ಮೊದಲನೆಯವರು ಮಾತ್ರ. ನಾನು ಪಟ್ಟಿಗೆ ಸಹಿ ಹಾಕಿದೆ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳೂ ಅವಳ ಟೀಚರೂ ನಿಂತಿದ್ದರು. ಕಂಬದ ಮರೆಗೆ ಸರಿದೆ. ಕಂಬ ಸಣ್ಣದಿತ್ತು, ನಾನು ಹಾಗಿರಲಿಲ್ಲ.

"ಸರ್, ನಂದು ಎಲ್ಲಿ ಕಮ್ಮಿ ಆಯ್ತು?"

"ಅದು ಮೂರೂ ಜನ ಸೇರಿ ಕೊಟ್ಟ ತೀರ್ಪಮ್ಮ."

"ನೀವು ಎಂತ ಕೊಟ್ರಿ ಅಂತ ಕೇಳಿದ್ದು."

"ಸುಮ್ನಿರೆ ಮಾರಾಯ್ತಿ," ಎಂದು ಟೀಚರ್ ನಕ್ಕರು. "ಜಿಲ್ಲೆಗೆ ಹೋಗ್ಬೇಕು ಅಂತ ಹದಿನೈದು ದಿನದಿಂದ ನನ್ನ ತಲೆ ತಿಂದಿದ್ಳು ಸರ್."

"ಚೀಟಿ ನೋಡಿದೆಯಲ್ಲ," ಎಂದೆ.

"ಅದ್ರಲ್ಲಿ ನನ್ನ ಭಾಷಣ ಇರ್ಲಿಲ್ಲ ಸರ್. ಅವ್ರು ಹೇಳಿದ್ದನ್ನ ಬರ್ಕೊಂಡಿದ್ದೆ. ಅವ್ರ ಮಾತನ್ನ ನಾನು ತಪ್ಪಾಗಿ ಹೇಳ್ಬಾರ್ದಲ್ಲ."

ಎದುರಿನವರ ಮಾತಿನ ಬಗ್ಗೆ ಇಷ್ಟು ಎಚ್ಚರ ನನಗೆ ಐವತ್ತಾದರೂ ಬಂದಿಲ್ಲ. ತಪ್ಪು ನನ್ನದು ಎನ್ನಬೇಕಿತ್ತು. "ನಿಯಮ ಇದೆಯಲ್ಲಮ್ಮ," ಎಂದೆ.

ಕೆರೆಕಟ್ಟೆಯ ಬಸ್ಸು ಬಂತು. ಮೆಟ್ಟಿಲೇರಿ ಅವಳು ತಿರುಗಿ, "ಆಯ್ತು ಸರ್. ಮುಂದಿನ ವರ್ಷ ಬೇರೆಯವ್ರು ಎಂತ ಹೇಳ್ತಾರೆ ಅಂತ ಕೇಳ್ತಾ ಕೂರಲ್ಲ. ಬಾಯಿಪಾಠ ಮಾಡ್ಕೊಂಡೇ ಬರ್ತೀನಿ," ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಒಳ್ಳೆಯ ವಿದ್ಯಾರ್ಥಿನಿ, ನಾನು ಕಲಿಸಿದ್ದನ್ನು ಕಲಿತಿದ್ದಳು.

ಹಾಗೆ ಮಾಡಬೇಡ ಎಂದು ಕೈಯೆತ್ತಿ ಕೂಗಿದೆ. ಬಸ್ಸು ಆಗಲೇ ನೆಮ್ಮಾರ್ ದಾರಿಗೆ ತಿರುಗುತ್ತಿತ್ತು. ಕಿಟಕಿಯಿಂದ ಅವಳೂ ನಗುತ್ತ ಕೈ ಬೀಸಿದಳು.